ಮೀನಿನ ಒಂದೇ ಬದಿ ತೋರಿಸುವವರ ಹತ್ತಿರ ಗಪ್ಪಿ ತಗೋಬೇಡಿ

ಗಪ್ಪಿ ಸಾಕುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಸಿಟ್ಟಲ್ಲಿ ಬರೆಯುತ್ತಿದ್ದೇನೆ, ಹೇಳಿದ್ದನ್ನೇ ಹೇಳಿದರೆ ಸಹಿಸಿಕೊಳ್ಳಿ.

"ಅಪರೂಪದ ತಳಿ, ನಮ್ಮದೇ ಬ್ರೀಡಿಂಗ್" ಅಂತ ಹೇಳಿ ಒಬ್ಬರು ನನಗೆ ಗಪ್ಪಿ ಮಾರಿದರು. ಹೆಸರು ಹಾಕುವುದಿಲ್ಲ. ಫೋಟೋ ಕೇಳಿದೆ, ಕಳಿಸಿದರು. ವಿಡಿಯೋ ಕೇಳಿದೆ, ಅದನ್ನೂ ಕಳಿಸಿದರು. ಬಣ್ಣ ಚೆನ್ನಾಗಿತ್ತು, ಬಾಲ ಅಗಲವಾಗಿತ್ತು. ದುಡ್ಡು ಮುಂಚೆಯೇ ಕೊಟ್ಟಿದ್ದಾಯಿತು. ಈ ವ್ಯವಹಾರ ಎಲ್ಲ ಕಡೆ ಹಾಗೇ ತಾನೇ ನಡೆಯೋದು?

ಮೀನಿದ್ದ ಪ್ಲಾಸ್ಟಿಕ್ ಕವರ್ ಬಂತು. ಸ್ವಲ್ಪ ಹೊತ್ತು ಟ್ಯಾಂಕಿನಲ್ಲಿ ತೇಲಿಬಿಟ್ಟು, ಆಮೇಲೆ ಮೀನುಗಳನ್ನು ಬಿಳಿ ಬಕೆಟ್ಟಿಗೆ ಬಿಟ್ಟೆ. ಮೇಲಿಂದ ಬಗ್ಗಿ ನೋಡಿದೆ. ಗಂಡಿನ ಬೆನ್ನು ತಲೆಯಿಂದ ಬಾಲದವರೆಗೆ ನೇರ ಇರಬೇಕಲ್ವಾ? ಇದರದ್ದು ನಡುವೆ ಎಡಕ್ಕೆ ಹೋಗಿ, ಬಾಲದ ಬುಡದಲ್ಲಿ ಬಲಕ್ಕೆ ಹೊರಳಿತ್ತು. ಬಾಲ ಬೀಸಿದಾಗಲೆಲ್ಲ ಮೈ ಒಂದೇ ಕಡೆಗೆ ವಾಲುತ್ತಿತ್ತು. ಗಾಜಿನ ಪಕ್ಕದಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಬೆನ್ನುಮೂಳೆ ಅಕ್ಕಪಕ್ಕಕ್ಕೆ ಬಾಗಿದ್ದರೆ ಮೇಲಿಂದಲೇ ನೋಡಬೇಕು. ಮೇಲೆ ಕೆಳಗೆ ಬಾಗಿ ಗೂನು ಬಿದ್ದಿದ್ದರೆ ಮಾತ್ರ ಪಕ್ಕದಿಂದ ಕಾಣುತ್ತದೆ.

ಅಷ್ಟರಲ್ಲಿ ಹೆಣ್ಣು ಮೀನು ತಿರುಗಿತು. ಬಲಗಡೆ ಕಿವಿರಿನ ಮುಚ್ಚಳ ಅರ್ಧಕ್ಕರ್ಧ ಇಲ್ಲ! ಒಳಗಿನ ಕೆಂಪು ಕಿವಿರು ಹಾಗೇ ಕಾಣುತ್ತಿತ್ತು. ಫೋನ್ ತೆಗೆದು ಅವರು ಕಳಿಸಿದ ಫೋಟೋ ಮತ್ತೆ ನೋಡಿದೆ. ಒಂದೊಂದರಲ್ಲೂ ಅದು ಎಡಕ್ಕೇ ಮುಖ ಮಾಡಿದೆ. ಒಂದೊಂದರಲ್ಲೂ! ವಿಡಿಯೋ ಕೂಡ ಅದು ತಿರುಗುವ ಹೊತ್ತಿಗೆ ಸರಿಯಾಗಿ ನಿಲ್ಲುತ್ತದೆ. ಗಪ್ಪಿ ಒಂದು ಕಡೆ ನಿಲ್ಲುವ ಜೀವವೇ ಅಲ್ಲ. ಅಷ್ಟೂ ಫೋಟೋ ಒಂದೇ ಬದಿಯದ್ದು ಸಿಗಬೇಕಾದರೆ ಕಾದು ಕೂತು ತೆಗೆದಿರಬೇಕು. ಗೊತ್ತಿಲ್ಲದೆ ಆಗಿದ್ದಲ್ಲ ಸ್ವಾಮಿ ಇದು. ಅದೇ ಫೋಟೋಗಳನ್ನು ನಾನು ಸ್ನೇಹಿತರಿಗೆಲ್ಲ ಕಳಿಸಿ ಕೊಚ್ಚಿಕೊಂಡಿದ್ದೆ. ಈಗ "ಮೀನು ಬಂತಾ?" ಅಂತ ಅವರು ಕೇಳಿದರೆ ಏನು ಹೇಳಲಿ?

ಅವರಿಗೆ ಮೆಸೇಜ್ ಮಾಡಿದೆ. ಉತ್ತರ ನೋಡಿ: "ಪ್ರಯಾಣದ ಸುಸ್ತು ಸರ್, ಎರಡು ದಿನದಲ್ಲಿ ನೆಟ್ಟಗಾಗುತ್ತೆ." ಸುಸ್ತಾದ ಮೀನು ರೆಕ್ಕೆ ಮುದುಡಿಕೊಂಡು ಮೂಲೆ ಸೇರುತ್ತದೆ, ಬಣ್ಣ ಮಾಸುತ್ತದೆ. ಮೂಳೆ ಬಾಗುತ್ತದಾ? ಬಾಗಿದ ಮೂಳೆ ಎರಡು ದಿನಕ್ಕೆ ನೆಟ್ಟಗಾಗುತ್ತದಾ?

ಫೋಟೋ ಕಳಿಸಿದ ಮೇಲೆ ಮಾತು ಬದಲಾಯಿತು: "ಅದು ಶಾರ್ಟ್ ಬಾಡಿ ತಳಿ ಸರ್. ಬಲೂನ್ ಮೋಲಿ ನೋಡಿಲ್ವಾ?" ನೋಡಿದ್ದೇನೆ. ಬಲೂನ್ ಮೋಲಿಯ ಗುಂಡು ಹೊಟ್ಟೆ ಬಸಿರೂ ಅಲ್ಲ, ಕೊಬ್ಬೂ ಅಲ್ಲ. ಗಿಡ್ಡ, ಬಾಗಿದ ಬೆನ್ನುಮೂಳೆಯ ಮೀನುಗಳನ್ನೇ ಆರಿಸಿ ಆರಿಸಿ ಮರಿ ಮಾಡಿಸಿದ್ದು ಅದು. ಒಳಗಿನ ಅಂಗಗಳಿಗೆ ಜಾಗವೇ ಸಾಲದು. ಅದನ್ನು ಚೆಂದ ಅಂತ ಮಾರುವುದೇ ನನಗೆ ಸರಿ ಕಾಣುವುದಿಲ್ಲ, ಅದು ಬೇರೆ ಮಾತು. ಆದರೆ ಶಾರ್ಟ್ ಬಾಡಿ ಅಂತ ಮೊದಲು ಯಾಕೆ ಹೇಳಲಿಲ್ಲ? ಕಿವಿರು ಮುಚ್ಚಳ ಇಲ್ಲದಿರುವುದೂ ತಳಿಯಾ?

ಅದಕ್ಕೆ ಬಂದ ಉತ್ತರ: "ನಿಮ್ಮ ನೀರು ಸರಿ ಇಲ್ಲ." ಅಯ್ಯೋ, ಮೀನು ನನ್ನ ನೀರಿಗೆ ಇಳಿದೇ ಇರಲಿಲ್ಲ! ಬಕೆಟ್ಟಿನಲ್ಲಿದ್ದದ್ದು ಅವರದೇ ಕವರಿನ ನೀರು.

ಕೊನೆಗೆ: "ಮರಿ ಹಾಕ್ಸಿ ಸರ್, ಮರಿಗಳು ಚೆನ್ನಾಗೇ ಬರ್ತವೆ." ಇದಕ್ಕೆ ನನಗೆ ಎಲ್ಲಕ್ಕಿಂತ ಜಾಸ್ತಿ ಸಿಟ್ಟು ಬಂದದ್ದು. ಗಪ್ಪಿಯಲ್ಲಿ ಬೆನ್ನು ಬಾಗುವುದು ವಂಶದಲ್ಲಿ ಇಳಿದು ಬರಬಹುದು. ಅಂಥ ಗಂಡನ್ನು ಹೆಣ್ಣಿನ ಜೊತೆ ಬಿಟ್ಟರೆ, ಆಮೇಲೆ ತೆಗೆದರೂ ಉಪಯೋಗವಿಲ್ಲ. ಹೆಣ್ಣು ಗಪ್ಪಿ ವೀರ್ಯವನ್ನು ತಿಂಗಳುಗಟ್ಟಲೆ ಒಳಗೆ ಇಟ್ಟುಕೊಂಡು, ಒಂದೇ ಕೂಡಿಕೆಯಿಂದ ಹಲವು ಸಲ ಮರಿ ಹಾಕುತ್ತದೆ.

ಬಾಗಿದ ಮೀನೆಲ್ಲ ವಂಶದ ದೋಷವೇ ಅಲ್ಲ, ಇದನ್ನೂ ಹೇಳಬೇಕು. ಮೀನಿಗೆ ವಿಟಮಿನ್ ಸಿ ಆಹಾರದಿಂದಲೇ ಸಿಗಬೇಕು. ಕಡಿಮೆಯಾದರೆ ಬೆಳೆಯುವ ಮರಿಗಳ ಬೆನ್ನು ಬಾಗುತ್ತದೆ. ತೆರೆದಿಟ್ಟ ಹಳೇ ಫುಡ್‌ನಲ್ಲಿ ಅದು ಉಳಿದಿರುವುದೇ ಕಷ್ಟ. ವಯಸ್ಸಾದ ಗಪ್ಪಿಯ ಬೆನ್ನೂ ಸ್ವಲ್ಪ ಬಾಗಬಹುದು. ಹುಟ್ಟಿದಾಗಿಂದ ಬಾಗಿದ್ದು, ಚೆನ್ನಾಗಿ ತಿಂದು ಓಡಾಡಿಕೊಂಡಿದ್ದರೆ ಅದರ ಪಾಡಿಗೆ ಬದುಕಲಿ ಬಿಡಿ, ಮರಿ ಮಾತ್ರ ಮಾಡಿಸಬೇಡಿ.

ನೇರ ಇದ್ದ ಮೀನು ಆಮೇಲೆ ಬಾಗುತ್ತಾ ಬಂದರೆ ಹುಷಾರು. ಹೊಟ್ಟೆ ಒಳಗೆ ಹೋಗುವುದು, ಹುಣ್ಣು, ಬಣ್ಣ ಮಾಸುವುದು ಜೊತೆಗಿದ್ದರೆ ಮೀನಿನ ಟಿಬಿ ಇರಬಹುದು. ಅದಕ್ಕೆ ಕಾರಣವಾಗುವ ಮೈಕೋಬ್ಯಾಕ್ಟೀರಿಯಂ ಮರೈನಮ್ ಎಂಬ ಬ್ಯಾಕ್ಟೀರಿಯಾ ಕೈಯ ಗಾಯದ ಮೂಲಕ ನಮಗೂ ಅಂಟುತ್ತದೆ, ಬೇಗ ವಾಸಿಯಾಗದ ಗಂಟು ಏಳುತ್ತದೆ. ಗಾಯವಿದ್ದರೆ ಬರಿಗೈ ಹಾಕಬೇಡಿ. ಗಂಟು ಬಂದರೆ ಡಾಕ್ಟರ ಹತ್ತಿರ ಟ್ಯಾಂಕಿನ ವಿಷಯ ಹೇಳಿ, ಅವರಿಗೆ ತಾನಾಗಿ ಹೊಳೆಯಲಿಕ್ಕಿಲ್ಲ. ನಿಯಾನ್ ಟೆಟ್ರಾ ಎಂಬ ಮೀನಿನಲ್ಲಿ ನೀಲಿ-ಕೆಂಪು ಬಣ್ಣ ಮಾಸಿ, ಮಾಂಸ ಬೆಳ್ಳಗಾಗಿ, ಬೆನ್ನು ಬಾಗಿದರೆ ಅದು ಬೇರೆ ಪರಾವಲಂಬಿಯ ರೋಗವಿರಬಹುದು. ಹೇಗಿದ್ದರೂ ಅಂಥ ಮೀನನ್ನು ಬೇರೆ ಮಾಡಿ.

ದುಡ್ಡು ಕೊಡುವ ಮುಂಚೆ ಎರಡೂ ಬದಿಯಿಂದ, ಮೇಲಿಂದಲೂ ತೆಗೆದ ವಿಡಿಯೋ ಕೇಳಿ. ನಿಮ್ಮ ಹೆಸರು ಬರೆದ ಚೀಟಿ ಪಕ್ಕದಲ್ಲಿಟ್ಟು ತೆಗೆಯಲು ಹೇಳಿ. "ಮೀನು ನಿಲ್ಲಲ್ಲ ಸರ್" ಅಂತ ಸಬೂಬು ಹೇಳಿದರೆ ಸುಮ್ನೆ ಎದ್ದು ಬನ್ನಿ.

ಆ ಪುಣ್ಯಾತ್ಮರ ಕೊನೇ ಮೆಸೇಜ್: "ಗಪ್ಪಿ ತಾನೇ ಸರ್, ಇದಕ್ಕೆ ಯಾಕೆ ಇಷ್ಟು ತಲೆ ಕೆಡಿಸ್ಕೋತೀರಾ?" ಆಮೇಲೆ ಬ್ಲಾಕ್ ಮಾಡಿದರು. ದುಡ್ಡು ಇನ್ನೂ ವಾಪಸ್ ಬಂದಿಲ್ಲ.