ಸುಮ್ಮನಿರುವ ಕಂಪ್ಯೂಟರ್: ಆರಿಸಬೇಕೋ, ಮಲಗಿಸಬೇಕೋ?

ಮೇಜಿನ ಮೇಲಿನ ಕಂಪ್ಯೂಟರ್ ಕೆಲಸವಿಲ್ಲದೆ ಕುಳಿತಿರುವಾಗ ಅದನ್ನು ಏನು ಮಾಡಬೇಕೆಂದು ನಾನು ಹಲವು ವರ್ಷ ಯೋಚಿಸಿದ್ದೇ ಇಲ್ಲ. ಪರದೆ ಕಪ್ಪಾದರೆ ಯಂತ್ರವೂ ವಿಶ್ರಮಿಸುತ್ತಿದೆ ಎಂದು ನಂಬಿ ಎದ್ದು ಹೋಗುತ್ತಿದ್ದೆ. ಪ್ಲಗ್‌ಗೂ ಸಾಕೆಟ್‌ಗೂ ನಡುವೆ ಸಿಕ್ಕಿಸುವ ಪುಟ್ಟ ವ್ಯಾಟ್ ಮೀಟರೊಂದು ಕೈಗೆ ಬಂದ ಮೇಲೆ ಆ ನಂಬಿಕೆ ಒಂದೇ ಸಂಜೆಯಲ್ಲಿ ಕರಗಿತು. ಆ ಬಳಿಕ ವಾರಕ್ಕೊಂದರಂತೆ ನಾಲ್ಕು ಕ್ರಮಗಳನ್ನು ಪಾಲಿಸಿ ನೋಡಿದೆ: ಹಾಗೆಯೇ ಬಿಟ್ಟುಬಿಡುವುದು, ಸ್ಲೀಪ್‌ಗೆ ಕಳಿಸುವುದು, ಹೈಬರ್ನೇಟ್ ಮಾಡುವುದು (ತೆರೆದ ಕೆಲಸವನ್ನು ಡಿಸ್ಕಿಗೆ ಬರೆದಿಟ್ಟು ಆರಿಸುವುದು), ಶಟ್‌ಡೌನ್ ಮಾಡುವುದು. ಪರೀಕ್ಷೆಗೆ ಒಳಗಾದದ್ದು 16 ಜಿಬಿ ರ‍್ಯಾಮ್ (ತೆರೆದ ಕೆಲಸವನ್ನು ತಾತ್ಕಾಲಿಕವಾಗಿ ಹಿಡಿದಿಡುವ ಸ್ಮೃತಿ), ಒಂದು ಎಸ್‌ಎಸ್‌ಡಿ (ತಿರುಗುವ ಭಾಗಗಳಿಲ್ಲದ ಡಿಸ್ಕ್) ಮತ್ತು ಒಂದು ಹಳೆಯ ಹಾರ್ಡ್ ಡಿಸ್ಕ್ ಇರುವ, ವಿಂಡೋಸ್ ನಡೆಸುವ ಸಾಧಾರಣ ಡೆಸ್ಕ್‌ಟಾಪ್.

ಮೊದಲ ವಾರ ಏನನ್ನೂ ಮಾಡಲಿಲ್ಲ. ಯಂತ್ರವನ್ನು ಹಗಲು ರಾತ್ರಿ ಚಾಲೂ ಇಟ್ಟೆ. ಯಾವ ಕೆಲಸವೂ ಇಲ್ಲದಿದ್ದಾಗ ಡಬ್ಬಿಯೊಂದೇ 52 ವ್ಯಾಟ್ ಎಳೆಯುತ್ತಿತ್ತು, ಪರದೆಯದು ಅದರ ಮೇಲೆ ಇನ್ನೂ 22. ಪರದೆ ತಾನಾಗಿ ಆರಿದಾಗ ಆ 22 ಮಾತ್ರ ಇಳಿಯಿತೇ ಹೊರತು ಡಬ್ಬಿಯ ಲೆಕ್ಕ ಕದಲಲಿಲ್ಲ. ಸ್ಕ್ರೀನ್‌ಸೇವರ್ ಹಾಕಿದರೆ ಉಳಿತಾಯವಾಗುತ್ತದೆ ಎಂದು ಇಂದಿಗೂ ಹೇಳುವವರಿದ್ದಾರೆ. ಅದು ಹುಟ್ಟಿದ್ದು ಹಳೆಯ ಪಿಕ್ಚರ್ ಟ್ಯೂಬ್ ಪರದೆಗಳಲ್ಲಿ ಒಂದೇ ಚಿತ್ರ ಬಹಳ ಹೊತ್ತು ನಿಂತು ರಂಜಕದ ಲೇಪದ ಮೇಲೆ ಕಲೆಯಾಗಿ ಉಳಿಯಬಾರದೆಂದು; ವಿದ್ಯುತ್ತಿಗೂ ಅದಕ್ಕೂ ಸಂಬಂಧವಿಲ್ಲ. ನನ್ನ ಯಂತ್ರದಲ್ಲಿ ಮೂರು ಆಯಾಮದ ಕೊಳವೆಗಳು ಬೆಳೆಯುವ ಸ್ಕ್ರೀನ್‌ಸೇವರ್ ಓಡಿದಾಗ ಡಬ್ಬಿಯೊಂದರ ಲೆಕ್ಕವೇ ಇಳಿಯುವ ಬದಲು 70 ದಾಟಿತು, ಏಕೆಂದರೆ ಗ್ರಾಫಿಕ್ಸ್ ಕಾರ್ಡ್‌ಗೆ ನಾನೇ ಕೆಲಸ ಹಚ್ಚಿದ್ದೆ.

ಆರಿಸದೆ ಬಿಡುವವರು ಸಾಮಾನ್ಯವಾಗಿ ಎರಡು ಸಮರ್ಥನೆಗಳನ್ನು ಕೊಡುತ್ತಾರೆ, ನಾನೂ ಕೊಡುತ್ತಿದ್ದೆ. ಮತ್ತೆ ಆನ್ ಮಾಡುವಾಗ ಉಳಿಸಿದ್ದಕ್ಕಿಂತ ಹೆಚ್ಚು ವಿದ್ಯುತ್ ಖರ್ಚಾಗುತ್ತದೆ ಎಂಬುದು ಮೊದಲನೆಯದು. ಯಂತ್ರ ಏಳುವಾಗ ಮೀಟರ್ ಮುಟ್ಟಿದ ಗರಿಷ್ಠ ಅಂಕಿ 95 ವ್ಯಾಟ್. ಅದು ಇಡೀ ಒಂದು ನಿಮಿಷ ಹಾಗೆಯೇ ಇತ್ತೆಂದು ಉದಾರವಾಗಿ ಲೆಕ್ಕ ಹಿಡಿದರೂ 1.6 ವ್ಯಾಟ್ ಅವರ್ ಆಗುತ್ತದೆ, ಅಷ್ಟನ್ನು ಸುಮ್ಮನೆ ಕುಳಿತ ಅದೇ ಯಂತ್ರ ಎರಡು ನಿಮಿಷದೊಳಗೆ ನುಂಗುತ್ತದೆ. ಪದೇ ಪದೇ ಆರಿಸಿ ಹೊತ್ತಿಸಿದರೆ ಬಿಡಿಭಾಗಗಳು ಕೆಡುತ್ತವೆ ಎಂಬ ಎರಡನೆಯದರಲ್ಲಿ ಅಲ್ಪಸ್ವಲ್ಪ ನಿಜವಿದೆ: ಬಿಸಿಯಾಗಿ ತಣಿಯುವಾಗ ಬೆಸುಗೆಗಳು ಹಿಗ್ಗಿ ಕುಗ್ಗುತ್ತವೆ, ತಿರುಗುವ ಹಾರ್ಡ್ ಡಿಸ್ಕ್‌ಗೆ ಪ್ರತಿ ಪ್ರಾರಂಭವೂ ಸ್ವಲ್ಪ ಸವೆತವೇ. ಆದರೆ ಡೆಸ್ಕ್‌ಟಾಪ್ ಡಿಸ್ಕ್‌ಗಳಿಗೆ ತಯಾರಕರು ಬಹುಕಾಲ ನಮೂದಿಸುತ್ತ ಬಂದ ಪ್ರಾರಂಭಗಳ ಸಂಖ್ಯೆ 50,000. ದಿನಕ್ಕೆ ಹತ್ತು ಬಾರಿ ಆರಿಸಿ ಹೊತ್ತಿಸಿದರೂ ಅದು ಮುಗಿಯಲು 13 ವರ್ಷ ಬೇಕು. ಇನ್ನೊಂದು ಕಡೆ, ಫ್ಯಾನಿನ ಬೇರಿಂಗ್‌ಗಳೂ ಪವರ್ ಸಪ್ಲೈಯೊಳಗಿನ ಕೆಪಾಸಿಟರ್‌ಗಳೂ ಓಡಿದ ಗಂಟೆಗಳ ಮತ್ತು ಬಿಸಿಯ ಲೆಕ್ಕದಲ್ಲಿ ಮುದಿಯಾಗುತ್ತವೆ ಎಂಬುದನ್ನು ಈ ವಾದ ಮಂಡಿಸುವವರು ಹೇಳುವುದಿಲ್ಲ.

ಎರಡನೆಯ ವಾರದ ಸ್ಲೀಪ್ ನನ್ನನ್ನು ತಕ್ಷಣ ಒಲಿಸಿಕೊಂಡಿತು. ಈ ಸ್ಥಿತಿಯಲ್ಲಿ ಪ್ರೊಸೆಸರ್, ಡಿಸ್ಕ್, ಫ್ಯಾನ್ ಎಲ್ಲವೂ ನಿಲ್ಲುತ್ತವೆ, ರ‍್ಯಾಮ್‌ಗೆ ಮಾತ್ರ ವಿದ್ಯುತ್ ಹರಿಯುತ್ತಲೇ ಇರುತ್ತದೆ. ಅದರ ಸೂಕ್ಷ್ಮ ಕೋಶಗಳಲ್ಲಿನ ವಿದ್ಯುದಂಶ ಸೋರಿಹೋಗುವುದರಿಂದ ಸಾಮಾನ್ಯವಾಗಿ ಪ್ರತಿ 64 ಮಿಲಿಸೆಕೆಂಡಿಗೊಮ್ಮೆ ಅದನ್ನು ಮತ್ತೆ ತುಂಬಬೇಕು. ಇಷ್ಟೆಲ್ಲಕ್ಕೂ ಮೀಟರ್ ತೋರಿಸಿದ್ದು 2.5 ವ್ಯಾಟ್. ಕೀಲಿಯೊಂದನ್ನು ಒತ್ತಿದರೆ ಮೂರು ಸೆಕೆಂಡಿನಲ್ಲಿ, ಬಿಟ್ಟ ಸಾಲು ಬಿಟ್ಟಲ್ಲೇ, ಕರ್ಸರ್ ಮಿನುಗುತ್ತ ಕಾದಿರುತ್ತಿತ್ತು.

ಆದರೆ ಸ್ಲೀಪ್‌ಗೂ ತನ್ನದೇ ಆದ ಚೇಷ್ಟೆಗಳಿವೆ. ಒಂದು ನಡುರಾತ್ರಿ ಫ್ಯಾನುಗಳ ಸದ್ದಿಗೆ ಎಚ್ಚರವಾಗಿ ನೋಡಿದರೆ ಯಂತ್ರ ತಾನಾಗಿಯೇ ಎದ್ದು ಕುಳಿತಿತ್ತು. ಅದನ್ನು ಎಬ್ಬಿಸಿದವರು ಯಾರು ಎಂಬುದನ್ನು ವಿಂಡೋಸ್ ದಾಖಲಿಸಿಕೊಂಡಿರುತ್ತದೆ. ಈವೆಂಟ್ ವ್ಯೂವರ್‌ನಲ್ಲಿ ಹುಡುಕಿದಾಗ ನೆಟ್‌ವರ್ಕ್ ಕಾರ್ಡ್ ಸಿಕ್ಕಿಬಿತ್ತು, ಡಿವೈಸ್ ಮ್ಯಾನೇಜರ್‌ನಲ್ಲಿ ಅದಕ್ಕಿದ್ದ ಎಬ್ಬಿಸುವ ಅನುಮತಿಯನ್ನು ತೆಗೆದುಹಾಕಿದೆ. ಮರುದಿನ ಸಿಕ್ಕಿಬಿದ್ದದ್ದು ಮೌಸ್: ಮೇಜು ಸ್ವಲ್ಪ ಅಲುಗಿದರೂ ಅದು ಯಂತ್ರವನ್ನು ಕರೆಯುತ್ತಿತ್ತು. ಇವೆಲ್ಲ ಸರಿಪಡಿಸಬಹುದಾದ ತೊಂದರೆಗಳು. ಸರಿಪಡಿಸಲಾಗದ್ದು ವಾರದ ಐದನೆಯ ರಾತ್ರಿ ಬಂದಿತು. ಅರ್ಧ ಗಂಟೆ ವಿದ್ಯುತ್ ಹೋಯಿತು, ರ‍್ಯಾಮ್‌ನಲ್ಲಿದ್ದುದೆಲ್ಲ ಅಳಿಸಿತು, ಉಳಿಸದೆ ಬಿಟ್ಟಿದ್ದ ಎರಡು ಪುಟದ ಟಿಪ್ಪಣಿಯೂ ಅದರ ಜೊತೆಗೆ ಹೋಯಿತು. ಡಿಸ್ಕನ್ನು ಗೂಢಲಿಪಿಯಲ್ಲಿ ರಕ್ಷಿಸುವವರು ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಸ್ಲೀಪ್‌ನಲ್ಲಿ ಆ ರಕ್ಷಣೆಯ ಕೀಲಿ ರ‍್ಯಾಮ್‌ನಲ್ಲೇ ಇರುತ್ತದೆ. ವಿದ್ಯುತ್ ತೆಗೆದ ಮೇಲೂ ರ‍್ಯಾಮ್‌ನ ಮಾಹಿತಿ ಕೆಲವು ಸೆಕೆಂಡು, ಚಿಪ್ ತಣ್ಣಗಿದ್ದರೆ ಹಲವು ನಿಮಿಷ ಉಳಿಯುತ್ತದೆಂದೂ ಅದರಿಂದ ಕೀಲಿಯನ್ನು ಹೊರತೆಗೆಯಬಹುದೆಂದೂ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲಿ ಮಾಡಿ ತೋರಿಸಿದ್ದರು.

ಕ್ರಮ ತಪ್ಪಿದರೂ ಇಲ್ಲಿ ನಾಲ್ಕನೆಯ ವಾರದ ಶಟ್‌ಡೌನ್ ವಿಚಾರವನ್ನು ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ನಾನು ಅತಿ ಹೆಚ್ಚು ನಿರೀಕ್ಷೆ ಇಟ್ಟುಕೊಂಡಿದ್ದು ಅದರ ಮೇಲೆ, ಅತಿ ಹೆಚ್ಚು ಬೇಸರ ತರಿಸಿದ್ದೂ ಅದೇ. ಪೂರ್ತಿ ಆರಿಸಿದ ಯಂತ್ರವೂ 0.6 ವ್ಯಾಟ್ ಎಳೆಯುತ್ತಿತ್ತು; ಮುಂದಿನ ಗುಂಡಿ ಒತ್ತಿದ್ದನ್ನು ಅರಿಯಲು ಪವರ್ ಸಪ್ಲೈಯ ಒಂದು ಭಾಗ ಸದಾ ಎಚ್ಚರವಾಗಿರಬೇಕಲ್ಲ. ಅದಕ್ಕಿಂತ ಅಚ್ಚರಿ ತಂದದ್ದು ಟಾಸ್ಕ್ ಮ್ಯಾನೇಜರ್: ಪ್ರತಿ ರಾತ್ರಿ ಆರಿಸಿದರೂ ಅದು ಯಂತ್ರ ನಾಲ್ಕು ದಿನಗಳಿಂದ ಚಾಲೂ ಇದೆ ಎಂದು ಹೇಳುತ್ತಿತ್ತು. 2012ರಲ್ಲಿ ವಿಂಡೋಸ್ 8ರೊಂದಿಗೆ ಬಂದ ಫಾಸ್ಟ್ ಸ್ಟಾರ್ಟಪ್ ಎಂಬ ವ್ಯವಸ್ಥೆಯು ಶಟ್‌ಡೌನ್ ಹೇಳಿದಾಗ ನಮ್ಮ ತಂತ್ರಾಂಶಗಳನ್ನು ಮುಚ್ಚಿ, ಕರ್ನೆಲ್ (ವಿಂಡೋಸ್‌ನ ತಿರುಳು) ಮತ್ತು ಡ್ರೈವರ್‌ಗಳನ್ನು (ಬಿಡಿಭಾಗಗಳನ್ನು ನಡೆಸುವ ತಂತ್ರಾಂಶ) ಮಾತ್ರ ಡಿಸ್ಕಿಗೆ ಬರೆದಿಟ್ಟು ಮಲಗುತ್ತದೆ. ಅಂದರೆ ಕಂಪ್ಯೂಟರನ್ನು ನಿಜವಾಗಿ ಹೊಸದಾಗಿ ಆರಂಭಿಸುವುದು ರೀಸ್ಟಾರ್ಟ್ ಗುಂಡಿಯೇ ಹೊರತು ಶಟ್‌ಡೌನ್ ಅಲ್ಲ. ಆ ವ್ಯವಸ್ಥೆಯನ್ನು ತೆಗೆದಾಗ ಯಂತ್ರ ಏಳುವ ಹೊತ್ತು 25 ಸೆಕೆಂಡಿನಿಂದ 40ಕ್ಕೆ ಏರಿತು.

ಆ 40 ಸೆಕೆಂಡು ನನಗೆ ಭಾರವಾಗಲಿಲ್ಲ. ಭಾರವಾದದ್ದು ಅದರ ನಂತರದ ಆರು ನಿಮಿಷ: ಯಾವ ಕಡತದ ಯಾವ ಪುಟದಲ್ಲಿದ್ದೆ, ಯಾವ ನಾಲ್ಕು ಟ್ಯಾಬ್‌ಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಹೋಲಿಸುತ್ತಿದ್ದೆ, ಲೆಕ್ಕದ ಹಾಳೆಯನ್ನು ಎಲ್ಲಿ ನಿಲ್ಲಿಸಿದ್ದೆ ಎಂದು ಪ್ರತಿ ಬೆಳಿಗ್ಗೆ ಮತ್ತೆ ಹರಡಿಕೊಳ್ಳುವುದು. ಜನ ಕಂಪ್ಯೂಟರನ್ನು ಆರಿಸದೆ ಬಿಡುವುದಕ್ಕೆ ನಿಜವಾದ ಕಾರಣ ಬೆಸುಗೆಯ ಚಿಂತೆಯೂ ಅಲ್ಲ, ವಿದ್ಯುತ್ತಿನ ತಪ್ಪು ಲೆಕ್ಕವೂ ಅಲ್ಲ, ಹರಡಿಟ್ಟ ಕೆಲಸ ಚದುರಿಹೋಗುತ್ತದೆ ಎಂಬ ಈ ಅಳುಕು ಎಂದು ಆ ವಾರ ನನಗೆ ಖಚಿತವಾಯಿತು.

ಹೈಬರ್ನೇಟ್ ಆ ಅಳುಕನ್ನೇ ತೆಗೆಯುತ್ತದೆ, ಆದರೂ ಅದನ್ನು ಬಳಸುವವರು ಕಡಿಮೆ; ವಿಂಡೋಸ್ ಅನೇಕ ಯಂತ್ರಗಳಲ್ಲಿ ಅದನ್ನು ಪವರ್ ಮೆನುವಿನಲ್ಲಿ ತೋರಿಸುವುದೇ ಇಲ್ಲ, ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್ ಒಳಗೆ ಹೋಗಿ ಹೊರಗೆ ತರಬೇಕಾಯಿತು. ರ‍್ಯಾಮ್‌ನಲ್ಲಿರುವುದನ್ನೆಲ್ಲ ಡಿಸ್ಕಿಗೆ ಬರೆದು ಯಂತ್ರ ಪೂರ್ತಿ ಆರುತ್ತದೆ. ಮೀಟರ್‌ನಲ್ಲಿ ಶಟ್‌ಡೌನ್‌ನಷ್ಟೇ, 0.6 ವ್ಯಾಟ್. ಏಳಲು 18 ಸೆಕೆಂಡು ಬೇಕು, ಎದ್ದಾಗ ಕರ್ಸರ್ ಕೂಡ ಇದ್ದಲ್ಲೇ ಇರುತ್ತದೆ. ಪ್ರತಿ ರಾತ್ರಿ ಹೀಗೆ ಬರೆದರೆ ಎಸ್‌ಎಸ್‌ಡಿ ಸವೆಯುವುದಿಲ್ಲವೇ ಎಂಬ ಆತಂಕ ನನಗೂ ಇತ್ತು. ಒಂದು ಬಾರಿಗೆ 6 ಜಿಬಿಯಂತೆ ದಿನಕ್ಕೊಮ್ಮೆ ಬರೆದರೆ ವರ್ಷಕ್ಕೆ ಸುಮಾರು 2.2 ಟಿಬಿ, ನನ್ನ 500 ಜಿಬಿ ಎಸ್‌ಎಸ್‌ಡಿಗೆ ತಯಾರಕರು ಹೇಳಿರುವ ಬರಹದ ಮಿತಿ 300 ಟಿಬಿ. ಹೈಬರ್ನೇಟ್ ಒಂದರಿಂದಲೇ ಅದು ಮುಗಿಯಬೇಕಾದರೆ ನೂರಕ್ಕೂ ಹೆಚ್ಚು ವರ್ಷ ಬೇಕು. ಅದರ ನಿಜವಾದ ದೋಷ ಬೇರೆ: ಯಂತ್ರ ಎಂದೂ ಹೊಸದಾಗಿ ಆರಂಭವಾಗದ ಕಾರಣ ಬ್ರೌಸರ್ ಕೊಬ್ಬುತ್ತ ಹೋಗುತ್ತದೆ, ಅಪ್‌ಡೇಟ್‌ಗಳು ಬಾಗಿಲಲ್ಲಿ ಕಾಯುತ್ತವೆ, ಒಮ್ಮೆಯಂತೂ ಎದ್ದ ಮೇಲೆ ಧ್ವನಿಯೇ ಹೊರಡಲಿಲ್ಲ.

ದಿನಕ್ಕೆ 14 ಗಂಟೆ ಬಿಡುವು ಎಂದು ಹಿಡಿದು ವರ್ಷದ ಲೆಕ್ಕ ಹಾಕಿದಾಗ ಚಾಲೂ ಬಿಟ್ಟ ಡಬ್ಬಿ 266 ಯೂನಿಟ್ ತಿನ್ನುತ್ತದೆ, ಸ್ಲೀಪ್ 13, ಉಳಿದೆರಡು ತಲಾ 3. ಸ್ಲೀಪೋ ಶಟ್‌ಡೌನೋ ಎಂದು ನಡೆಯುವ ಬಿಸಿ ಚರ್ಚೆಯೆಲ್ಲ ಆ ಹತ್ತು ಯೂನಿಟ್‌ಗಳ ಮೇಲಿನದು. ಅದರ ಇಪ್ಪತ್ತೈದು ಪಟ್ಟು ವಿದ್ಯುತ್ ಮೊದಲ ಹೆಜ್ಜೆಯಲ್ಲೇ ಉಳಿದಿರುತ್ತದೆ.

ಲ್ಯಾಪ್‌ಟಾಪಿನಲ್ಲೂ ಇದನ್ನೇ ಅಳೆಯಲು ಹೊರಟಿದ್ದೆ, ಆದರೆ ಪರದೆ ಹೊತ್ತಿದ್ದಾಗಲೂ ಅದು ಎಳೆಯುವುದು 7 ವ್ಯಾಟ್ ಆದ್ದರಿಂದ ಉಳಿತಾಯದ ಮಾತು ಅಲ್ಲಿ ಸಣ್ಣದು. ಹೊಸ ಲ್ಯಾಪ್‌ಟಾಪ್‌ಗಳ ಸ್ಲೀಪ್ ಮಾತ್ರ ಹಳೆಯದರಂತಲ್ಲ. ಮೊಬೈಲಿನ ಹಾಗೆ ನಡುನಡುವೆ ಕಣ್ಣು ಬಿಟ್ಟು ಅಂಚೆ, ಅಪ್‌ಡೇಟ್ ನೋಡಿಕೊಳ್ಳುವ ಸ್ಥಿತಿ ಅದು. ಮುಚ್ಚಿ ಚೀಲಕ್ಕೆ ಹಾಕಿದ ನನ್ನದು ಎರಡು ಗಂಟೆಯ ಬಳಿಕ ಕೈ ಸುಡುವಷ್ಟು ಬಿಸಿಯಾಗಿ ಹೊರಬಂದ ದಿನದಿಂದ ಮುಚ್ಚಳ ಮುಚ್ಚಿದರೆ ಹೈಬರ್ನೇಟ್ ಆಗುವಂತೆ ಇಟ್ಟಿದ್ದೇನೆ.

ಡೆಸ್ಕ್‌ಟಾಪ್ ಈಗ ಹಗಲಿನಲ್ಲಿ ಹದಿನೈದು ನಿಮಿಷ ಸುಮ್ಮನಿದ್ದರೆ ಸ್ಲೀಪ್‌ಗೆ ಹೋಗುತ್ತದೆ, ರಾತ್ರಿ ಹೈಬರ್ನೇಟ್ ಆಗುತ್ತದೆ, ವಾರಕ್ಕೊಮ್ಮೆ ರೀಸ್ಟಾರ್ಟ್ ಕಾಣುತ್ತದೆ. ವಿದ್ಯುತ್ ಹೋದ ರಾತ್ರಿಯ ಪಾಠದಿಂದ ಹೈಬ್ರಿಡ್ ಸ್ಲೀಪನ್ನೂ ಆನ್ ಮಾಡಿದ್ದೇನೆ, ರ‍್ಯಾಮ್‌ನ ಪ್ರತಿಯೊಂದನ್ನು ಡಿಸ್ಕಿಗೂ ಬರೆದಿಟ್ಟು ಮಲಗುವ ಕ್ರಮವದು. ಬ್ಯಾಕಪ್ ನಡೆಯುವ ರಾತ್ರಿ ಮಾತ್ರ ಯಂತ್ರ ಎಚ್ಚರವಾಗಿರುತ್ತದೆ. ಕೊನೆಗೆ ಮೀಟರನ್ನು ಎಕ್ಸ್‌ಟೆನ್ಷನ್ ಬೋರ್ಡಿಗೇ ಸಿಕ್ಕಿಸಿದಾಗ ಕಂಪ್ಯೂಟರ್ ಆರಿದ್ದರೂ ಸ್ಪೀಕರ್, ಪ್ರಿಂಟರ್ ಮತ್ತು ಪರದೆ ಸೇರಿ 9 ವ್ಯಾಟ್ ಎಳೆಯುತ್ತಿದ್ದವು, ಸ್ಲೀಪ್‌ನಲ್ಲಿದ್ದ ಕಂಪ್ಯೂಟರಿಗಿಂತ ಮೂರು ಪಟ್ಟಿಗೂ ಹೆಚ್ಚು. ಹೈಬರ್ನೇಟ್ ಆದ ಮೇಲೆ ಬೋರ್ಡಿನ ಸ್ವಿಚ್ಚನ್ನೇ ಆರಿಸಲು ಅಡ್ಡಿಯಿಲ್ಲವಾದ್ದರಿಂದ ಈಗ ಅದನ್ನೂ ಆರಿಸುತ್ತೇನೆ.