ಬೀಜದ ಅಲ್ಲ: ಚೀಲದ ತಳ ನೋಡಿ ತಗೊಳ್ಳಿ
ಮೇ ಕೊನೆಗೆ ಬೀದರಿನ ಒಂದು ಅಂಗಡಿಯಿಂದ 2 ಕ್ವಿಂಟಲ್ ಬೀಜದ ಅಲ್ಲ ತಂದೆ, 10 ಗುಂಟೆಗೆ. ಹಸಿ ಶುಂಠಿಗೆ ನಮ್ಮ ಕಡೆ ಅಲ್ಲ ಅಂತೀವಿ. ಮೇಲಿನ ಗಡ್ಡೆ ದಪ್ಪ, ಮೊಳಕೆ ಬರುವ ಕಣ್ಣು ಚೆನ್ನಾಗಿದ್ದವು. ತಳಕ್ಕೆ ಕೈ ಹಾಕಿದರೆ ಮೆತ್ತಗೆ, ನಾತ! ಕೊಳೆತ ತುಂಡು ಮಣ್ಣಿಗೆ ಹೋದರೆ ಪಕ್ಕದ ಗಿಡಕ್ಕೂ ರೋಗ ಹಬ್ಬುತ್ತದೆ, ಅಲ್ವಾ? 8 ಕಿಲೋ ಆರಿಸಿ ಎಸೆದೆ. ಉಳಿದದ್ದನ್ನು ಕಣ್ಣಿರುವಂತೆ 25 ಗ್ರಾಂ ತುಂಡು ಮಾಡಿದೆ. ಲೀಟರ್ ನೀರಿಗೆ 3 ಗ್ರಾಂ ಮ್ಯಾಂಕೋಜೆಬ್ (ಶಿಲೀಂಧ್ರ ರೋಗದ ಔಷಧಿ) ಕಲಸಿ ಅರ್ಧ ಗಂಟೆ ನೆನೆಸಿ, ನೆರಳಲ್ಲಿ ಒಣಗಿಸಿ, ಏರುಮಡಿಯಲ್ಲಿ ಊರಿದೆ. ನಮ್ಮ ಕೆಂಪು ಮಣ್ಣಲ್ಲಿ ಮೊಳಕೆ ಚಲೋ ಬಂದಿದೆ. ಕೊಳೆತದ್ದಕ್ಕೆ ಬದಲಿ ಕೇಳಿದರೆ, "ಕಾಕಾ, ತೂಕ ಆದಮೇಲೆ ನಮ್ದೇನಿಲ್ಲ" ಅಂದರು. ಮುಂದಿನ ವರ್ಷವೂ ಅಲ್ಲಿಗೇ ಹೋಗುತ್ತೇನೆ. ಚೀಲ ಅಲ್ಲೇ ಸುರುವಿಸಿ ನೋಡಿದ ಮೇಲೆ ರೊಕ್ಕ.