ಕಾನೂನು ಕಾಲೇಜು ಬದಲಿಸುವ ಮುನ್ನ: ಮಡಿಕೇರಿಯ ಒಂದು ಸಲಹಾ ಸೇವೆಯ ಕುರಿತು

ಮಂಗಳೂರಿನಲ್ಲಿ ಐದು ವರ್ಷದ ಕಾನೂನು ಪದವಿಯ ಎರಡನೆಯ ವರ್ಷ ಮುಗಿಸಿದ ನನ್ನ ಮಗಳು ಬೆಂಗಳೂರಿನ ಕಾಲೇಜಿಗೆ ವರ್ಗವಾಗಲು ಬಯಸಿದಾಗ, ಒಪ್ಪುವುದಕ್ಕಾಗಲಿ ತಡೆಯುವುದಕ್ಕಾಗಲಿ ಬೇಕಾದ ತಿಳಿವಳಿಕೆ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ. ಆದ್ದರಿಂದ, ಕಾನೂನು ಕಾಲೇಜೊಂದರ ಕಚೇರಿಯಲ್ಲಿ ಬಹುಕಾಲ ದುಡಿದು ನಿವೃತ್ತರಾದವರೊಬ್ಬರು ಮಡಿಕೇರಿಯಲ್ಲಿ ಶುಲ್ಕ ಪಡೆದು ನಡೆಸುತ್ತಿರುವ ಸಲಹಾ ಸೇವೆಯ ಮೊರೆಹೋದೆವು.

ವರ್ಗಾವಣೆ ಸಾಧ್ಯವೇ ಎಂಬುದನ್ನು ಅವರು ಮೊದಲು ಇತ್ಯರ್ಥಪಡಿಸಿದರು. 2009ರಲ್ಲಿ ಸ್ಥಾಪನೆಯಾದ, ಹುಬ್ಬಳ್ಳಿಯಲ್ಲಿರುವ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಎರಡೂ ಕಾಲೇಜುಗಳು ಸೇರಿದ್ದು ಪಠ್ಯಕ್ರಮ ಒಂದೇ ಆಗಿದ್ದರೆ ದಾರಿ ಸುಗಮ. ತನ್ನ ಪಠ್ಯಕ್ರಮವನ್ನು ತಾನೇ ರೂಪಿಸಿಕೊಳ್ಳುವ ಸ್ವಾಯತ್ತ ಕಾಲೇಜಾದರೆ ಪತ್ರಿಕೆಗಳನ್ನು ಒಂದೊಂದಾಗಿ ಹೋಲಿಸಿ ನೋಡಬೇಕಾಗುತ್ತದೆ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ಆಸೆಯನ್ನು ಅವರು ಅಲ್ಲಿಯೇ ಬಿಡಿಸಿದರು: ಅಲ್ಲಿನ ಐದು ವರ್ಷದ ಪದವಿಗೆ ಕ್ಲ್ಯಾಟ್ ಎಂಬ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಬರೆದು ಮೊದಲ ವರ್ಷಕ್ಕೇ ಸೇರಬೇಕು. ಪ್ರತಿ ವಿಷಯದಲ್ಲೂ ಶೇಕಡಾ 70ರಷ್ಟು ಹಾಜರಾತಿ ಇರಬೇಕೆಂಬ ಭಾರತೀಯ ವಕೀಲರ ಪರಿಷತ್ತಿನ ನಿಯಮವನ್ನು ನೆನಪಿಸಿ, ನಿರಾಕ್ಷೇಪಣಾ ಪತ್ರಕ್ಕೂ ವರ್ಗಾವಣೆ ಪ್ರಮಾಣಪತ್ರಕ್ಕೂ ಅಲೆಯುತ್ತ ತರಗತಿಗಳು ಆರಂಭವಾದ ಬಳಿಕ ಸೇರಿದರೆ ಆ ಸೆಮಿಸ್ಟರೇ ಕೈತಪ್ಪಬಹುದು ಎಂದು ಎಚ್ಚರಿಸಿದರು. ಅಂಕಪಟ್ಟಿಗಳನ್ನು ಒಂದೊಂದೇ ತಿರುವಿ, ಬಾಕಿ ಉಳಿದ ವಿಷಯವೇನಾದರೂ ಇದೆಯೇ ಎಂದು ನೋಡಿದ ಅವರ ತಾಳ್ಮೆಗೆ ನಾನು ಋಣಿ.

ಆದರೆ ಈ ಸೇವೆಯ ನಿಜವಾದ ಬೆಲೆ ಇರುವುದು ಅವರು ಮಗಳಿಗೆ ಕೇಳಿದ ಪ್ರಶ್ನೆಯಲ್ಲಿ. "ಓದು ಮುಗಿದ ಮೇಲೆ ಯಾವ ಕೋರ್ಟಿನಲ್ಲಿ ನಿಲ್ಲಬೇಕೆಂದಿದ್ದೀಯಮ್ಮ?" ಎಂದರು. ಕೊಡಗಿನ ಜಮೀನಿನ ವ್ಯಾಜ್ಯಗಳಲ್ಲಿ, ವಿಶೇಷವಾಗಿ ಜಮ್ಮಾ ಬಾಣೆ ಎಂಬ ವಂಶಪಾರಂಪರ್ಯ ಹಿಡುವಳಿಯ ಹಕ್ಕುಗಳಲ್ಲಿ, ಕೆಲಸ ಮಾಡಬೇಕೆಂಬುದು ಅವಳ ಬಯಕೆ. ಅಂಥ ಮೊಕದ್ದಮೆಗಳು ಮಡಿಕೇರಿ, ವಿರಾಜಪೇಟೆಗಳ ನ್ಯಾಯಾಲಯಗಳಿಂದ ಮೇಲಕ್ಕೆ ಹೋದರೆ ಸೇರುವುದು ಹೈಕೋರ್ಟಿನ ಧಾರವಾಡ ಅಥವಾ ಕಲಬುರಗಿಯ ಪೀಠವನ್ನಲ್ಲ, ಬೆಂಗಳೂರಿನ ಪ್ರಧಾನ ಪೀಠವನ್ನು. ಹಾಗಾಗಿ ಬೆಂಗಳೂರಿನ ಸೆಳೆತ ಅವಳ ಮಟ್ಟಿಗೆ ಬರಿಯ ಮೋಹವಾಗಿರಲಿಲ್ಲ. ಅದನ್ನು ಸಲಹೆಗಾರರು ಗೌರವದಿಂದಲೇ ಕೇಳಿಸಿಕೊಂಡರು. ಬಳಿಕ ಪರಿಷತ್ತಿನ 2008ರ ನಿಯಮಗಳನ್ನು ತೆರೆದು, ಐದು ವರ್ಷದ ಪದವಿಗೆ ಒಟ್ಟು ಕನಿಷ್ಠ 20 ವಾರಗಳ ಇಂಟರ್ನ್‌ಶಿಪ್ ಕಡ್ಡಾಯವೆಂದೂ, ಯಾವುದೇ ವರ್ಷ ಅದು ನಿರಂತರವಾಗಿ ನಾಲ್ಕು ವಾರ ಮೀರುವಂತಿಲ್ಲವೆಂದೂ ತೋರಿಸಿದರು. ರಜೆಗಳಲ್ಲಿ ಹೈಕೋರ್ಟ್ ವಕೀಲರ ಬಳಿ ಆ ವಾರಗಳನ್ನು ಕಳೆದರೆ, ಅವಳಿಗೆ ಬೇಕಾದುದರಲ್ಲಿ ಹೆಚ್ಚಿನ ಪಾಲು ಕಾಲೇಜು ಬಿಡದೆಯೇ ದಕ್ಕುತ್ತದೆ ಎಂಬುದು ಆಗ ನಮಗೆ ಮನವರಿಕೆಯಾಯಿತು.

ಕೊರತೆಗಳೂ ಇವೆ. ಬೆಂಗಳೂರಿನ ಪಿ.ಜಿ. ಬಾಡಿಗೆ, ಊಟ, ಓಡಾಟದ ಖರ್ಚಿನ ಲೆಕ್ಕವನ್ನು ಅವರು ಕೊಡಲಿಲ್ಲ. ಕಾಫಿ ಮಾರಿದ ಮೇಲೆ ಶುಲ್ಕ ಕಟ್ಟುವ ನಮ್ಮಂಥ ಕುಟುಂಬಗಳಿಗೆ ಅದು ಚಿಕ್ಕ ವಿಷಯವಲ್ಲ. ರೈಲುಮಾರ್ಗವೇ ಇಲ್ಲದ ಈ ಜಿಲ್ಲೆಯಿಂದ ಮಂಗಳೂರಿಗೆ ಸಂಪಾಜೆ ಘಾಟಿಯ ಮೂಲಕ ಹೋಗಬೇಕು, 2018ರ ಆಗಸ್ಟ್‌ನ ಭೂಕುಸಿತದಲ್ಲಿ ಆ ರಸ್ತೆ ಮುಚ್ಚಿಹೋಗಿತ್ತು ಎಂಬ ನನ್ನ ಮಳೆಗಾಲದ ಆತಂಕಕ್ಕೂ ಅವರಲ್ಲಿ ಉತ್ತರ ಸಿಗಲಿಲ್ಲ. ಹೇಳಿದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಡುವ ಪದ್ಧತಿ ಅಲ್ಲಿಲ್ಲ. ಶುಲ್ಕ ಪಡೆಯುವವರು ಅಷ್ಟನ್ನಾದರೂ ಮಾಡಬೇಕು.

ಮಗಳು ಸದ್ಯ ಮಂಗಳೂರಿನಲ್ಲೇ ಓದು ಮುಂದುವರಿಸಿದ್ದಾಳೆ. ಮುಂದಿನ ರಜೆಗೆ ಬೆಂಗಳೂರಿನ ವಕೀಲರೊಬ್ಬರ ಕಚೇರಿಗೆ ಪತ್ರ ಬರೆದಿದ್ದಾಳೆ. ಇದೇ ಗೊಂದಲದಲ್ಲಿರುವ ಕುಟುಂಬಗಳಿಗೆ ಈ ಸೇವೆಯನ್ನು ನಾನು ಖಂಡಿತ ಸೂಚಿಸುತ್ತೇನೆ. ಶೈಕ್ಷಣಿಕ ವರ್ಷ ಆರಂಭವಾಗುವ ಸಾಕಷ್ಟು ಮೊದಲೇ, ಎಲ್ಲ ಸೆಮಿಸ್ಟರ್‌ಗಳ ಅಂಕಪಟ್ಟಿ ಮತ್ತು ಹಾಜರಾತಿ ವಿವರದೊಂದಿಗೆ, ವಿದ್ಯಾರ್ಥಿಯನ್ನೂ ಜೊತೆಗೆ ಕರೆದುಕೊಂಡು ಹೋಗಿ.